ಮಲಗಿದ್ದು ಎಂಟು ಗಂಟೆ, ನಿದ್ದೆ ಬಂದದ್ದು ಎಷ್ಟು?

‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆ ನಮಗೆಲ್ಲ ಗೊತ್ತು. ಗಾದೆ ಚೆನ್ನಾಗಿದೆ. ಆದರೆ ಅದರ ಜೊತೆಗೇ ಒಂದು ತಪ್ಪು ತಿಳಿವಳಿಕೆಯೂ ಬೆಳೆದಿದೆ. ಯಾರಿಗಾದರೂ ನಿದ್ದೆ ಬರುತ್ತಿಲ್ಲ ಎಂದರೆ ‘ಏನೋ ತಲೆಗೆ ಹಚ್ಚಿಕೊಂಡಿದ್ದಾರೆ, ಮನಸ್ಸು ಗಟ್ಟಿ ಮಾಡಿಕೊಂಡರೆ ಸರಿಹೋಗುತ್ತೆ’ ಅಂತ ಸುಲಭವಾಗಿ ಹೇಳಿಬಿಡುತ್ತೇವೆ. ಹಗಲು ತೂಕಡಿಸುವವರನ್ನು ಕಂಡರೆ ‘ಕುಂಭಕರ್ಣ’ ಎಂದು ನಗುತ್ತೇವೆ. ಸಂಘದ ಸಭೆಯಲ್ಲಿ ಲೆಕ್ಕ ಓದುವಾಗ ಮೂಲೆಯಲ್ಲಿ ಕೂತ ಅಕ್ಕ ತೂಕಡಿಸಿದರೆ ಉಳಿದವರಿಗೆ ತಮಾಷೆ. ಆ ಅಕ್ಕ ಬೆಳಿಗ್ಗೆ ನಾಲ್ಕೂವರೆಗೆ ಎದ್ದವಳು, ರಾತ್ರಿ ಹನ್ನೊಂದಕ್ಕೆ ಪಾತ್ರೆ ತೊಳೆದು ಮಲಗಿದವಳು, ನಡುವೆ ಎರಡು ಸಲ ಮಗು ಎದ್ದು ಅತ್ತಿದೆ ಎಂಬ ಲೆಕ್ಕವನ್ನು ಮಾತ್ರ ಯಾರೂ ಓದುವುದಿಲ್ಲ.

ಊಟ, ಕುಡಿಯುವ ನೀರು, ಶೌಚಾಲಯ, ಲಸಿಕೆ ಇವುಗಳ ಬಗ್ಗೆ ತರಬೇತಿಗಳಲ್ಲಿ ಬೇಕಾದಷ್ಟು ಮಾತಾಡುತ್ತೇವೆ. ನಿದ್ದೆಯ ಬಗ್ಗೆ ಮಾತಾಡುವುದು ಬಹಳ ಕಡಿಮೆ. ಅದೇನು ದುಡ್ಡು ಕೊಟ್ಟು ತರುವ ವಸ್ತುವೇ, ಬಂದರೆ ಬಂತು, ಇಲ್ಲದಿದ್ದರೆ ನಾಳೆ ನೋಡಿಕೊಂಡರಾಯಿತು ಎಂಬ ಉದಾಸೀನ. ನಿಜ ಹೇಳಬೇಕೆಂದರೆ ನಿದ್ದೆಗೂ ಖರ್ಚಿದೆ. ಗಾಳಿಯಾಡುವ ಮನೆ, ಸೊಳ್ಳೆ ಕಾಟ ಇಲ್ಲದ ಕೋಣೆ, ಹೊತ್ತಿಗೆ ಸರಿಯಾಗಿ ಮುಗಿಯುವ ಕೆಲಸ ಇದ್ದವರಿಗೆ ಅದು ಸಿಗುತ್ತದೆ. ಇವು ಇಲ್ಲದವರಿಗೆ ಕಡಿಮೆ ಸಿಗುತ್ತದೆ. ಕಡಿಮೆ ಸಿಕ್ಕಿದ್ದರ ಬೆಲೆಯನ್ನು ಅವರ ದೇಹ, ಮನಸ್ಸು ಎರಡೂ ತೆರುತ್ತವೆ.

ಮಲಗಿದಾಗ ದೇಹ ಏನು ಮಾಡುತ್ತದೆ?

ನಿದ್ದೆ ಎಂದರೆ ದೀಪ ಆರಿಸಿದಂತೆ, ಎಲ್ಲವೂ ಸುಮ್ಮನೆ ನಿಂತುಹೋಗುವುದು ಎಂದೇ ಬಹುಕಾಲ ನಂಬಿದ್ದರು. 1953ರಲ್ಲಿ ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದ ಯುಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಎಂಬ ಇಬ್ಬರು ವಿಜ್ಞಾನಿಗಳು, ಮಲಗಿದವರ ಕಣ್ಣುಗುಡ್ಡೆಗಳು ರೆಪ್ಪೆಯೊಳಗೆ ಆಗಾಗ ಜೋರಾಗಿ ಓಡಾಡುತ್ತವೆ ಎಂಬುದನ್ನು ವರದಿ ಮಾಡಿದರು. ಆ ಹೊತ್ತಿನಲ್ಲಿ ಮಿದುಳು ಎಚ್ಚರ ಇದ್ದಾಗಿನಷ್ಟೇ ಚುರುಕಾಗಿರುತ್ತದೆ. ಎದ್ದುಬಿದ್ದು ಓಡುವಂಥ ಕನಸುಗಳು ಹೆಚ್ಚಾಗಿ ಬೀಳುವುದೂ ಆಗಲೇ. ರಾತ್ರಿಯ ನಿದ್ದೆ ಸುಮಾರು ಒಂದೂವರೆ ಗಂಟೆಯ ಒಂದೊಂದು ಸುತ್ತಾಗಿ ನಡೆಯುತ್ತದೆ ಎಂದು ನಂತರದ ಅಧ್ಯಯನಗಳಿಂದ ತಿಳಿಯಿತು. ಅಂಥ ನಾಲ್ಕೈದು ಸುತ್ತು ಮುಗಿದರೆ ಒಂದು ಪೂರ್ತಿ ನಿದ್ದೆ. ಮೊದಲ ಸುತ್ತುಗಳಲ್ಲಿ ಗಾಢ ನಿದ್ದೆ ಹೆಚ್ಚು. ಮಕ್ಕಳ ಬೆಳವಣಿಗೆಗೆ, ದೊಡ್ಡವರ ಸ್ನಾಯುಗಳ ದುರಸ್ತಿಗೆ ಬೇಕಾದ ಹಾರ್ಮೋನು ಹೆಚ್ಚಾಗಿ ಸುರಿಯುವುದು ಆಗ. ಬೆಳಗಿನ ಜಾವದ ಸುತ್ತುಗಳಲ್ಲಿ ಕನಸಿನ ನಿದ್ದೆ ಹೆಚ್ಚು. ಹಾಗಾಗಿ ‘ಎರಡು ಗಂಟೆ ಮೊದಲೇ ಎದ್ದರೆ ಏನು ಮಹಾ’ ಎಂದು ಬೆಳಗಿನ ನಿದ್ದೆಗೆ ಕತ್ತರಿ ಹಾಕಿದರೆ, ಕನಸಿನ ನಿದ್ದೆಯ ದೊಡ್ಡ ಪಾಲೇ ಹೋಗಿಬಿಡುತ್ತದೆ.

ನಿದ್ದೆ ಬರುವುದಕ್ಕೆ ದೇಹದಲ್ಲಿ ಎರಡು ಏರ್ಪಾಡು ಇವೆ. ಎಚ್ಚರ ಇದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಶೇಖರವಾಗುತ್ತಾ ಹೋಗುತ್ತದೆ. ಅದು ಹೆಚ್ಚಾದಷ್ಟೂ ಕಣ್ಣು ಎಳೆಯುತ್ತದೆ, ಮಲಗಿದಾಗ ಇಳಿಯುತ್ತದೆ. ಕಾಫಿ, ಟೀಯಲ್ಲಿರುವ ಕೆಫೀನ್ ಈ ಅಡೆನೋಸಿನ್ ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂತುಬಿಡುತ್ತದೆ. ದಣಿವು ಹೋಗಿರುವುದಿಲ್ಲ, ದಣಿವಿನ ಸುದ್ದಿ ಮಾತ್ರ ನಮಗೆ ಮುಟ್ಟುವುದಿಲ್ಲ. ಎರಡನೆಯದು ದೇಹದೊಳಗಿನ ಗಡಿಯಾರ. ಬೆಳಕು ನೋಡಿ ಅದು ಹಗಲು ರಾತ್ರಿ ಸರಿಪಡಿಸಿಕೊಳ್ಳುತ್ತದೆ. ಈ ಗಡಿಯಾರ ಜೀವಕೋಶದ ಮಟ್ಟದಲ್ಲಿ ಹೇಗೆ ನಡೆಯುತ್ತದೆ ಎಂದು ಕಂಡುಹಿಡಿದದ್ದಕ್ಕೆ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್, ಮೈಕೆಲ್ ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಬಹುಮಾನ ಬಂತು. ರಾತ್ರಿ ಪಾಳಿ ಮುಗಿಸಿ ಬಂದವರು ಹಗಲು ಎಷ್ಟೇ ಸುಸ್ತಾಗಿದ್ದರೂ ನಾಲ್ಕೈದು ಗಂಟೆಗೇ ಎಚ್ಚರವಾಗಿಬಿಡುತ್ತಾರಲ್ಲ, ಅದಕ್ಕೆ ಕಾರಣ ಈ ಗಡಿಯಾರವೇ. ಅದರ ಪ್ರಕಾರ ಅದು ಹಗಲು!

ಹನ್ನೊಂದು ದಿನ ಎಚ್ಚರ ಇದ್ದ ಹುಡುಗ

ನಿದ್ದೆಯೇ ಇಲ್ಲದಿದ್ದರೆ ಏನಾಗುತ್ತದೆ? 1963ರ ಡಿಸೆಂಬರ್ ಕೊನೆಯಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ಊರಿನ ರ‍್ಯಾಂಡಿ ಗಾರ್ಡ್ನರ್ ಎಂಬ 17 ವರ್ಷದ ಶಾಲಾ ಹುಡುಗ, ವಿಜ್ಞಾನ ಮೇಳದ ಪ್ರಯೋಗಕ್ಕೆಂದು ನಿದ್ದೆ ಬಿಟ್ಟ. 1964ರ ಜನವರಿವರೆಗೆ ಒಟ್ಟು 264 ಗಂಟೆ, ಅಂದರೆ 11 ದಿನ ಎಚ್ಚರ ಇದ್ದ. ಸ್ಟ್ಯಾನ್‌ಫರ್ಡ್‌ನ ನಿದ್ರಾ ತಜ್ಞ ವಿಲಿಯಂ ಡಿಮೆಂಟ್ ಮತ್ತು ನೌಕಾಪಡೆಯ ವೈದ್ಯರೊಬ್ಬರು ಅವನನ್ನು ಗಮನಿಸುತ್ತಿದ್ದರು. ಮೊದಲ ದಿನಗಳಲ್ಲೇ ಸಿಡುಕು ಶುರುವಾಯಿತು. ನಾಲ್ಕನೇ ದಿನ ರಸ್ತೆ ಬದಿಯ ಫಲಕವೊಂದು ಅವನಿಗೆ ಮನುಷ್ಯನಂತೆ ಕಂಡಿತು. ಹನ್ನೊಂದನೇ ದಿನ ನೂರರಿಂದ ಏಳೇಳು ಕಳೆಯುತ್ತಾ ಹೋಗು ಎಂದರೆ 65ಕ್ಕೆ ಬಂದು ಸುಮ್ಮನಾದ. ಯಾಕೆ ನಿಲ್ಲಿಸಿದೆ ಎಂದು ಕೇಳಿದರೆ, ತಾನು ಏನು ಮಾಡುತ್ತಿದ್ದೆ ಎಂಬುದೇ ಅವನಿಗೆ ಮರೆತುಹೋಗಿತ್ತು.

ಪ್ರಯೋಗ ಮುಗಿದ ಮೇಲೆ ಹುಡುಗ ಹದಿನಾಲ್ಕು ಗಂಟೆಗೂ ಹೆಚ್ಚು ಮಲಗಿ ಎದ್ದ, ಚೆನ್ನಾಗಿಯೇ ಇದ್ದ. ಇದನ್ನು ಕೇಳಿ ‘ಹಾಗಾದರೆ ಏನೂ ಆಗಲ್ಲ ಬಿಡಿ’ ಎನ್ನುವವರಿದ್ದಾರೆ. ಆದರೆ ಹಲವು ದಶಕಗಳ ನಂತರ ಅದೇ ಗಾರ್ಡ್ನರ್, ವಯಸ್ಸಾದ ಮೇಲೆ ತನಗೆ ವರ್ಷಗಟ್ಟಲೆ ನಿದ್ದೆಯೇ ಬರದೆ ಒದ್ದಾಡಿದ್ದಾಗಿ ಹೇಳಿಕೊಂಡ. ಎರಡಕ್ಕೂ ಸಂಬಂಧ ಇದೆ ಎಂದು ಯಾರೂ ಸಾಧಿಸಿ ತೋರಿಸಿಲ್ಲ. ಗಿನ್ನೆಸ್ ದಾಖಲೆ ಪುಸ್ತಕದವರು ಮಾತ್ರ 1997ರಿಂದ ಇಂಥ ದಾಖಲೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದರು, ಅಪಾಯ ಎಂಬ ಕಾರಣಕ್ಕೆ. 1980ರ ದಶಕದಲ್ಲಿ ಷಿಕಾಗೋದಲ್ಲಿ ಇಲಿಗಳನ್ನು ಮಲಗಲು ಬಿಡದೆ ಇಟ್ಟಾಗ, ಅವು ಎಂದಿಗಿಂತ ಹೆಚ್ಚು ತಿಂದರೂ ಸೊರಗಿ ಎರಡು ಮೂರು ವಾರಗಳಲ್ಲಿ ಸತ್ತವು.

ದಿನಕ್ಕೆ ಎರಡು ಗಂಟೆಯ ಸಾಲ

ಹನ್ನೊಂದು ದಿನ ನಿದ್ದೆ ಬಿಡುವವರು ನಮ್ಮಲ್ಲಿ ಯಾರೂ ಇಲ್ಲ. ದಿನಕ್ಕೆ ಎರಡು ಗಂಟೆ ಬಿಡುವವರು ಮನೆ ಮನೆಯಲ್ಲೂ ಇದ್ದಾರೆ. ಆದ್ದರಿಂದ ನಮಗೆ ಹೆಚ್ಚು ಬೇಕಾದದ್ದು 2003ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಪ್ರಕಟಿಸಿದ ಪ್ರಯೋಗ. ಆರೋಗ್ಯವಂತರಾದ 48 ಜನರನ್ನು ಆರಿಸಿ, ಕೆಲವರಿಗೆ ರಾತ್ರಿ 8 ಗಂಟೆ, ಕೆಲವರಿಗೆ 6 ಗಂಟೆ, ಕೆಲವರಿಗೆ 4 ಗಂಟೆ ಮಾತ್ರ ಮಲಗಲು ಬಿಟ್ಟರು. ಹೀಗೆ 14 ದಿನ. ಇನ್ನು ಕೆಲವರನ್ನು ಮೂರು ದಿನ ಪೂರ್ತಿ ಎಚ್ಚರ ಇಟ್ಟರು. ಪ್ರತಿದಿನ ಗಮನ, ನೆನಪು, ಲೆಕ್ಕ ಇವುಗಳ ಪರೀಕ್ಷೆ.

ಎಂಟು ಗಂಟೆ ಮಲಗಿದವರು ಹೆಚ್ಚು ಕಡಿಮೆ ಇದ್ದಂತೆಯೇ ಇದ್ದರು. ಆರು ಗಂಟೆ ಮಲಗಿದವರ ಗಮನ ದಿನದಿಂದ ದಿನಕ್ಕೆ ಇಳಿಯುತ್ತಾ ಹೋಗಿ, ಎರಡು ವಾರದ ಕೊನೆಗೆ ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಬಂತು. ನಾಲ್ಕು ಗಂಟೆಯವರದು ಎರಡು ರಾತ್ರಿ ನಿದ್ದೆಗೆಟ್ಟವರಂತೆ ಆಯಿತು. ನಿಮ್ಮ ಅನುಭವಕ್ಕೆ ಬರುವಂತೆ ಹೇಳುವುದಾದರೆ, ಇದು ಕೈಸಾಲದ ಬಡ್ಡಿ ಇದ್ದ ಹಾಗೆ. ದಿನಕ್ಕೆ ಹತ್ತು ರೂಪಾಯಿ ಎಂದಾಗ ಏನೂ ಅನ್ನಿಸುವುದಿಲ್ಲ, ತಿಂಗಳ ಕೊನೆಗೆ ಗೊತ್ತಾಗುತ್ತದೆ.

ಇಲ್ಲಿ ಬಡ್ಡಿಗಿಂತಲೂ ಕೆಟ್ಟ ಸಂಗತಿ ಒಂದಿದೆ, ಇದನ್ನು ದಯವಿಟ್ಟು ಗಮನಿಸಿ. ‘ಈಗ ನಿಮಗೆ ಎಷ್ಟು ನಿದ್ದೆ ಬರುತ್ತಿದೆ’ ಎಂದು ಆ ಜನರನ್ನು ಪ್ರತಿದಿನವೂ ಕೇಳುತ್ತಿದ್ದರು. ಮೊದಲ ಕೆಲವು ದಿನ ‘ತುಂಬಾ ಬರ್ತಿದೆ’ ಎಂದರು. ಆಮೇಲೆ ‘ಪರವಾಗಿಲ್ಲ, ಅಭ್ಯಾಸ ಆಯ್ತು’ ಎನ್ನುವಂಥ ಉತ್ತರಗಳೇ ಬಂದವು. ಪರೀಕ್ಷೆಯ ಅಂಕಗಳು ಮಾತ್ರ ಇಳಿಯುತ್ತಲೇ ಇದ್ದವು! ಸಾಲ ಏರುತ್ತಿದೆ, ಸಾಲಗಾರನಿಗೆ ಅದು ಗೊತ್ತಾಗುತ್ತಿಲ್ಲ. ‘ನನಗೆ ಐದು ಗಂಟೆ ಸಾಕಪ್ಪ, ರೂಢಿಯಾಗಿದೆ’ ಎಂದು ಹೆಮ್ಮೆಯಿಂದ ಹೇಳುವವರನ್ನು ನಾವೆಲ್ಲ ಕಂಡಿದ್ದೇವೆ. ಸ್ವಭಾವದಿಂದಲೇ ಕಡಿಮೆ ನಿದ್ದೆ ಸಾಕಾಗುವವರು ಇದ್ದಾರೆ, ಆದರೆ ಬಹಳ ವಿರಳ. ಉಳಿದವರ ದೇಹಕ್ಕೆ ರೂಢಿಯಾಗಿರುವುದಿಲ್ಲ. ಚುರುಕಾಗಿದ್ದಾಗ ತಾನು ಹೇಗಿದ್ದೆ ಎಂಬುದು ಅವರಿಗೆ ಮರೆತಿರುತ್ತದೆ, ಅಷ್ಟೇ.

ಹಾಗಾದರೆ ಎಷ್ಟು ಬೇಕು? ಹದಿನೆಂಟು ದಾಟಿದವರಿಗೆ ಕನಿಷ್ಠ 7 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10, 6ರಿಂದ 12ರ ಮಕ್ಕಳಿಗೆ 9ರಿಂದ 12 ಗಂಟೆ ಎಂದು ನಿದ್ರಾ ತಜ್ಞರ ಸಂಘಗಳು ಹೇಳುತ್ತವೆ.

ಸಕ್ಕರೆ, ಬಿ.ಪಿ., ನೆಗಡಿ

1999ರಲ್ಲಿ ಷಿಕಾಗೋದಲ್ಲಿ 11 ಮಂದಿ ಆರೋಗ್ಯವಂತ ಯುವಕರಿಗೆ ಆರು ರಾತ್ರಿ ತಲಾ 4 ಗಂಟೆ ಮಾತ್ರ ಮಲಗಲು ಕೊಟ್ಟು ರಕ್ತ ಪರೀಕ್ಷೆ ಮಾಡಿದರು. ಒಂದೇ ವಾರದಲ್ಲಿ ಅವರ ದೇಹ ಸಕ್ಕರೆಯನ್ನು ನಿಭಾಯಿಸುವ ರೀತಿ, ಸಕ್ಕರೆ ಕಾಯಿಲೆಯ ಆರಂಭದಲ್ಲಿ ಕಾಣುವಂತೆ ಆಗಿತ್ತು. ಹೊಟ್ಟೆ ತುಂಬಿತು ಎಂದು ಮಿದುಳಿಗೆ ಹೇಳುವ ಹಾರ್ಮೋನು ಒಂದು, ಹಸಿವಾಯಿತು ಎಂದು ಹೇಳುವ ಹಾರ್ಮೋನು ಇನ್ನೊಂದು. ಅದೇ ತಂಡದವರು 2004ರಲ್ಲಿ ನೋಡಿದಾಗ, ಎರಡೇ ರಾತ್ರಿ ನಿದ್ದೆ ಕಡಿಮೆಯಾದರೆ ಮೊದಲನೆಯದು ಶೇಕಡಾ 18ರಷ್ಟು ಇಳಿದು, ಎರಡನೆಯದು ಶೇಕಡಾ 28ರಷ್ಟು ಏರಿತ್ತು. ರಾತ್ರಿ ನಿದ್ದೆಗೆಟ್ಟ ಮರುದಿನ ಬೋಂಡಾ, ಬಜ್ಜಿ, ಸಿಹಿ ಟೀ ಕಡೆಗೇ ಮನಸ್ಸು ಓಡುವುದು ಬಾಯಿ ಚಪಲದಿಂದ ಮಾತ್ರವಲ್ಲ ಎಂದಾಯಿತು.

ರಕ್ತದೊತ್ತಡ ಸಾಮಾನ್ಯವಾಗಿ ರಾತ್ರಿ ನಿದ್ದೆಯಲ್ಲಿ ಇಳಿಯುತ್ತದೆ. ಹೃದಯಕ್ಕೂ ರಕ್ತನಾಳಗಳಿಗೂ ಅದೊಂದು ವಿರಾಮ. ನಿದ್ದೆಯೇ ಮೊಟಕಾದರೆ ಆ ವಿರಾಮವೂ ಮೊಟಕು. ವರ್ಷಗಟ್ಟಲೆ ಕಡಿಮೆ ಮಲಗುವವರಲ್ಲಿ ಬಿ.ಪಿ., ಹೃದಯಾಘಾತ, ಪಾರ್ಶ್ವವಾಯು ಹೆಚ್ಚಾಗಿ ಕಾಣುತ್ತವೆ. ಬಿ.ಪಿ. ಮಾತ್ರೆ ತೆಗೆದುಕೊಂಡರೂ ಇಳಿಯುತ್ತಿಲ್ಲ ಎನ್ನುವವರನ್ನು ಉಪ್ಪಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ನಿದ್ದೆಯ ಬಗ್ಗೆಯೂ ಕೇಳಬೇಕು.

ರೋಗ ತಡೆಯುವ ಶಕ್ತಿಯೂ ತಗ್ಗುತ್ತದೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 164 ಜನರ ನಿದ್ದೆಯನ್ನು ಒಂದು ವಾರ ಅಳೆದು, ಆಮೇಲೆ ಅವರ ಒಪ್ಪಿಗೆಯಿಂದಲೇ ಮೂಗಿಗೆ ನೆಗಡಿಯ ವೈರಸ್ ಹನಿ ಹಾಕಿದರು. ಏಳು ಗಂಟೆಗಿಂತ ಹೆಚ್ಚು ಮಲಗುವವರಿಗೆ ಹೋಲಿಸಿದರೆ, ಆರು ಗಂಟೆಗಿಂತ ಕಡಿಮೆ ಮಲಗುವವರಿಗೆ ನೆಗಡಿ ಹಿಡಿಯುವ ಸಂಭವ ನಾಲ್ಕು ಪಟ್ಟಿಗೂ ಹೆಚ್ಚಿತ್ತು.

ಮನಸ್ಸು ಮತ್ತು ಮನೆ

ಮಿದುಳಿನ ಆಳದಲ್ಲಿ ಹೆದರಿಕೆ, ಸಿಟ್ಟು ಇವುಗಳನ್ನು ಎಬ್ಬಿಸುವ ಬಾದಾಮಿ ಗಾತ್ರದ ಒಂದು ಭಾಗವಿದೆ. ಹಣೆಯ ಹಿಂಭಾಗದ ಮಿದುಳು ಅದಕ್ಕೆ ಕಡಿವಾಣ ಹಾಕಿ ಹಿಡಿದಿರುತ್ತದೆ. 2007ರಲ್ಲಿ ಪ್ರಕಟವಾದ ಸ್ಕ್ಯಾನ್ ಅಧ್ಯಯನದ ಪ್ರಕಾರ, ಒಂದು ರಾತ್ರಿ ನಿದ್ದೆ ಬಿಟ್ಟವರಲ್ಲಿ ಅಹಿತಕರ ಚಿತ್ರಗಳನ್ನು ಕಂಡಾಗ ಆ ಭಾಗದ ಪ್ರತಿಕ್ರಿಯೆ ಶೇಕಡಾ 60ರಷ್ಟು ಹೆಚ್ಚಾಗಿತ್ತು. ಕಡಿವಾಣ ಹಿಡಿಯುವ ಭಾಗದೊಂದಿಗಿನ ಸಂಪರ್ಕ ಸಡಿಲವಾಗಿತ್ತು. ಸಣ್ಣ ಮಾತಿಗೆ ರೇಗುವುದು, ಮಗುವಿನ ಬೆನ್ನಿಗೆ ಎರಡು ಬಾರಿಸುವುದು, ಆಮೇಲೆ ಒಬ್ಬರೇ ಕೂತು ಅಳುವುದು ಇವೆಲ್ಲ ಬರೀ ಸ್ವಭಾವದ ದೋಷ ಎಂದುಕೊಳ್ಳಬಾರದು. ಹಾಗೆಂದು ಹೊಡೆಯುವವರಿಗೆ ಇದೊಂದು ನೆಪವೂ ಅಲ್ಲ.

ಖಿನ್ನತೆಗೂ ನಿದ್ದೆಗೂ ಎರಡು ಕಡೆಯ ಸಂಬಂಧ. ಖಿನ್ನತೆ ಬಂದರೆ ನಿದ್ದೆ ಹೋಗುತ್ತದೆ, ಬಹಳ ಕಾಲ ನಿದ್ದೆ ಇಲ್ಲದವರಿಗೆ ಖಿನ್ನತೆ ಬರುವ ಸಾಧ್ಯತೆ ಹೆಚ್ಚು. ಬಾಣಂತಿಯರ ವಿಷಯದಲ್ಲಿ ಇದನ್ನು ಮುಖ್ಯವಾಗಿ ನೆನಪಿಡಬೇಕು. ಹಸುಗೂಸು ಎರಡು ಮೂರು ಗಂಟೆಗೊಮ್ಮೆ ಏಳುತ್ತದೆ. ತಾಯಿಗೆ ಎಣ್ಣೆ ನೀರು, ಖಾರ, ಕೊಬ್ಬರಿ ಬೆಲ್ಲ ಎಲ್ಲಾ ಮಾಡಿಕೊಡುತ್ತೇವೆ. ಅವಳಿಗೆ ಎಡೆಬಿಡದೆ ನಾಲ್ಕು ಗಂಟೆ ಮಲಗಲು ಬಿಟ್ಟವರು ಎಷ್ಟು ಜನ? ಹಾಲು ಕುಡಿಸಿದ ಮೇಲೆ ಮಗುವನ್ನು ಎತ್ತಿ ತಟ್ಟುವುದು, ಬಟ್ಟೆ ಬದಲಿಸುವುದು ಅಜ್ಜಿಯಿಂದಲೂ ಆಗುತ್ತೆ, ಅಪ್ಪನಿಂದಲೂ ಆಗುತ್ತೆ.

ಪರೀಕ್ಷೆ ಬರೆಯುವ ಮಕ್ಕಳ ಮನೆಯಲ್ಲಿ ಇನ್ನೊಂದು ರೀತಿ. ರಾತ್ರಿ ಎರಡರವರೆಗೆ ಓದುವ ಮಗನಿಗೆ ಅಮ್ಮ ಟೀ ಕಾಯಿಸಿ ಕೊಡುತ್ತಾಳೆ, ಇಬ್ಬರ ನಿದ್ದೆಯೂ ಹೋಯಿತು. 1924ರಷ್ಟು ಹಿಂದೆಯೇ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿಸಿ ನೋಡಿದ್ದರು. ಕಲಿತ ಮೇಲೆ ಮಲಗಿದಾಗ ನೆನಪಿನಲ್ಲಿ ಉಳಿದದ್ದು ಹೆಚ್ಚು, ಎಚ್ಚರ ಇದ್ದಾಗ ಉಳಿದದ್ದು ಕಡಿಮೆ. ಇಬ್ಬರೇ ಹುಡುಗರ ಮೇಲಿನ ಪ್ರಯೋಗ ಹೌದು, ಆದರೆ ಆಮೇಲೆ ಬಂದ ನೂರಾರು ಅಧ್ಯಯನಗಳೂ ಅದೇ ದಾರಿಯಲ್ಲಿವೆ. ಹಗಲು ಓದಿದ್ದನ್ನು ಮಿದುಳು ನಿದ್ದೆಯಲ್ಲಿ ಮತ್ತೆ ತಿರುವಿ ಹಾಕಿ ಭದ್ರಪಡಿಸುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಹನ್ನೊಂದರ ಮೇಲೆ ಓದಿದ್ದು ಉಪಕಾರಕ್ಕಿಂತ ಅಪಕಾರವೇ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ.

ಕುಡಿಯದೇ ಕುಡಿದಂತೆ

ದಣಿದ ಮಿದುಳು ನಮ್ಮನ್ನು ಕೇಳದೆಯೇ ಎರಡು, ಮೂರು, ನಾಲ್ಕು ಸೆಕೆಂಡು ಮಲಗಿಬಿಡುತ್ತದೆ. ಕಣ್ಣು ತೆರೆದೇ ಇರಬಹುದು. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ ನಾಲ್ಕು ಸೆಕೆಂಡಿನಲ್ಲಿ ಸುಮಾರು 66 ಮೀಟರ್ ಓಡುತ್ತದೆ. ಅಷ್ಟು ದೂರ ಆ ಗಾಡಿಗೆ ಚಾಲಕನೇ ಇಲ್ಲ. ನಸುಕಿನ ಮೂರರಿಂದ ಐದು ಗಂಟೆಯ ಹೊತ್ತಿನಲ್ಲಿ ದೇಹದ ಗಡಿಯಾರವೂ ಮಲಗು ಮಲಗು ಎನ್ನುತ್ತಿರುವುದರಿಂದ ಅಪಾಯ ಇನ್ನೂ ಹೆಚ್ಚು.

1997ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ತೋರಿಸಿದ್ದು ಇದು: ಸತತ 17 ಗಂಟೆ ಎಚ್ಚರ ಇದ್ದವರ ಕೈ ಕಣ್ಣಿನ ಹಿಡಿತ, ರಕ್ತದಲ್ಲಿ 100 ಮಿಲಿಲೀಟರಿಗೆ 50 ಮಿಲಿಗ್ರಾಂ ಮದ್ಯಸಾರ ಇರುವವರಷ್ಟಕ್ಕೆ ಇಳಿಯುತ್ತದೆ. ಒಂದು ದಿನ ಪೂರ್ತಿ ಎಚ್ಚರ ಇದ್ದರೆ ಅದರ ಎರಡರಷ್ಟು ಕುಡಿದವರಂತೆ. ನಮ್ಮ ದೇಶದಲ್ಲಿ ಚಾಲಕರಿಗೆ ಕಾನೂನು ಇಟ್ಟಿರುವ ಮಿತಿ 30 ಮಿಲಿಗ್ರಾಂ. ಬೆಳಿಗ್ಗೆ ಐದಕ್ಕೆ ಎದ್ದು, ದಿನವಿಡೀ ದುಡಿದು, ರಾತ್ರಿ ಹತ್ತಕ್ಕೆ ಮದುವೆ ದಿಬ್ಬಣದ ಟೆಂಪೋ ಹತ್ತುವ ಚಾಲಕ ಒಂದು ಹನಿ ಕುಡಿಯದಿದ್ದರೂ ಆ ಮಿತಿ ದಾಟಿದವನಂತೆಯೇ ಇರುತ್ತಾನೆ. ಪೊಲೀಸರ ಊದುವ ಯಂತ್ರದಲ್ಲಿ ಅದು ಬರುವುದಿಲ್ಲ. ಸಾರಿಗೆ ಕಾರ್ಮಿಕರ ಕೆಲಸ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು ಎಂದು 1961ರ ಕಾಯ್ದೆಯಲ್ಲೇ ಬರೆದಿತ್ತು. ಬಾಡಿಗೆ ಗಾಡಿಯವರನ್ನು ಕೇಳಿ ನೋಡಿ, ನಗುತ್ತಾರೆ. ತಿರುಪತಿಗೋ ವೇಳಾಂಗಣ್ಣಿಗೋ ಧರ್ಮಸ್ಥಳಕ್ಕೋ ಹೊರಟಾಗ ‘ಬೆಳಗಾಗೋದ್ರೊಳಗೆ ಮುಟ್ಟಿಸಪ್ಪ’ ಎಂದು ಅವಸರ ಮಾಡುವವರು ನಾವೇ.

ಚೆನ್ನೈನಲ್ಲಿ ಕಂಡದ್ದು

ಇಲ್ಲಿಯವರೆಗೆ ಹೇಳಿದ್ದು ಹೆಚ್ಚಾಗಿ ವಿದೇಶದ, ಪ್ರಯೋಗಾಲಯದ ಮಾತು. ನಮ್ಮ ಪಕ್ಕದ ಚೆನ್ನೈನಲ್ಲಿ ಬಡ ಕುಟುಂಬಗಳ 452 ಜನರ ಮೇಲೆ ನಡೆಸಿದ ದೊಡ್ಡ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಅವರಿಗೆ ಕಂಪ್ಯೂಟರಿನಲ್ಲಿ ಅಂಕಿ ಅಂಶ ತುಂಬುವ ಒಂದು ತಿಂಗಳ ಕೆಲಸ ಕೊಟ್ಟು, ಕೈಗೆ ಗಡಿಯಾರದಂಥ ಸಾಧನ ಕಟ್ಟಿ ಅವರವರ ಮನೆಯಲ್ಲಿನ ನಿದ್ದೆಯನ್ನು ಅಳೆದರು.

ಅವರು ರಾತ್ರಿ ಹಾಸಿಗೆಯಲ್ಲಿ ಕಳೆಯುತ್ತಿದ್ದದ್ದು ಸುಮಾರು 8 ಗಂಟೆ. ನಿದ್ದೆ ಆಗುತ್ತಿದ್ದದ್ದು ಸರಾಸರಿ ಐದೂವರೆ ಗಂಟೆ. ಉಳಿದ ಎರಡೂವರೆ ಗಂಟೆ ಹೊರಳಾಟ. ಸೆಕೆ, ಸೊಳ್ಳೆ, ಬೀದಿಯ ಸದ್ದು, ಇಕ್ಕಟ್ಟಿನ ಕೋಣೆ, ಮನಸ್ಸಿನ ಭಾರ ಇವುಗಳ ನಡುವೆ ನಿದ್ದೆ ಮತ್ತೆ ಮತ್ತೆ ಮುರಿಯುತ್ತಿತ್ತು. ‘ಬೇಗ ಮಲಗಿರಿ’ ಎಂಬ ಉಪದೇಶ ಇಂಥವರಿಗೆ ಏನು ಉಪಯೋಗ? ಅವರು ಮಲಗಿಯೇ ಇದ್ದಾರೆ!

ಸಂಶೋಧಕರು ಕೆಲವರಿಗೆ ಕಣ್ಣಿನ ಪಟ್ಟಿ, ಕಿವಿಗೆ ಇಟ್ಟುಕೊಳ್ಳುವ ಬಿರಡೆ, ಹಾಸಿಗೆ, ಫ್ಯಾನ್ ಇತ್ಯಾದಿ ಕೊಟ್ಟು, ಹೆಚ್ಚು ಮಲಗುವಂತೆ ಪ್ರೋತ್ಸಾಹಿಸಿದರು. ರಾತ್ರಿ ನಿದ್ದೆ 27 ನಿಮಿಷ ಹೆಚ್ಚಿತು. ಆದರೆ ಎಲ್ಲರೂ ನಿರೀಕ್ಷಿಸಿದ್ದ ಲಾಭ, ಅಂದರೆ ಹೆಚ್ಚು ಕೆಲಸ, ಹೆಚ್ಚು ಗೆಲುವು, ಕಾಣಲಿಲ್ಲ. ಮುರುಕು ನಿದ್ದೆಗೆ ಇನ್ನಷ್ಟು ಮುರುಕು ನಿದ್ದೆ ಸೇರಿಸಿದರೆ ಸಾಲದು ಎಂದು ಇದನ್ನು ಅರ್ಥ ಮಾಡಿಕೊಳ್ಳಬಹುದು. ಇನ್ನು ಕೆಲವರಿಗೆ ಕೆಲಸದ ಸ್ಥಳದಲ್ಲೇ, ಸದ್ದಿಲ್ಲದ ಜಾಗದಲ್ಲಿ, ಮಧ್ಯಾಹ್ನ ಅರ್ಧ ಗಂಟೆ ಮಲಗಲು ಅವಕಾಶ ಕೊಟ್ಟಿದ್ದರು. ಅವರಲ್ಲಿ ಬದಲಾವಣೆ ಕಂಡಿತು. ಗಮನ ಸುಧಾರಿಸಿತು, ಮನಸ್ಸು ಹಗುರವಾಯಿತು, ಕೆಲಸ ಮಾಡಿದ ಹೊತ್ತಿನಲ್ಲಿ ಹೆಚ್ಚು ಕೆಲಸ ಆಯಿತು. ಮಲಗಿದ ಅರ್ಧ ಗಂಟೆ ಕೆಲಸದ ಹೊತ್ತಿನಿಂದ ಕಳೆದುಹೋಯಿತು ಎಂಬುದನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ. ಹೊಲದಲ್ಲಿ ಬುತ್ತಿ ಉಂಡು ಮರದ ನೆರಳಲ್ಲಿ ಟವೆಲ್ ಹಾಸಿ ಒರಗುತ್ತಿದ್ದ ನಮ್ಮ ಹಿರಿಯರು ಸೋಮಾರಿಗಳಾಗಿರಲಿಲ್ಲ.

ಯಾರ ನಿದ್ದೆ ಮೊದಲು ಹೋಗುತ್ತದೆ?

ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದರಲ್ಲಿ ಕಳೆಯುತ್ತಾರೆ. ಅದೇ ಕೆಲಸ ಮಾಡುವ ಗಂಡಸರದು 88 ನಿಮಿಷ. ಹೆಚ್ಚಿನ ಮೂರು ಗಂಟೆ ಇಪ್ಪತ್ತು ನಿಮಿಷವನ್ನು ಅವಳು ಎಲ್ಲಿಂದ ತರಬೇಕು? ಕೂಲಿಗೋ ಗಾರ್ಮೆಂಟ್ಸ್ ಕಾರ್ಖಾನೆಗೋ ಹೋಗುವವಳಾದರೆ, ಬೆಳಗಿನ ಜಾವದ ನಿದ್ದೆಯಿಂದಲೇ ತರುತ್ತಾಳೆ. ನಲ್ಲಿ ನೀರು ನಡುರಾತ್ರಿ ಬಿಡುವ ಬಡಾವಣೆಗಳಲ್ಲಿ ಕೊಡ ಹಿಡಿದು ಏಳುವವಳೂ ಅವಳೇ.

ರೈತರ ಕಷ್ಟ ಬೇರೆ. ಪಂಪ್‌ಸೆಟ್ಟಿಗೆ ಥ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬರುವ ಕಡೆ, ರಾತ್ರಿ ಒಂದಕ್ಕೋ ಎರಡಕ್ಕೋ ಟಾರ್ಚ್ ಹಿಡಿದು ತೋಟಕ್ಕೆ ಹೋಗಬೇಕು. ಹಾವಿನ ಭಯ, ಮಲೆನಾಡಿನ ಅಂಚಿನಲ್ಲಿ ಆನೆಯ ಭಯ, ಮರುದಿನ ಮತ್ತೆ ಅದೇ ದುಡಿಮೆ. ಹಗಲು ಹೊತ್ತು ಕರೆಂಟ್ ಕೊಡಿ ಎಂದು ರೈತರು ಕೇಳುವುದು ಬೆಳೆಯ ಮಾತಷ್ಟೇ ಅಲ್ಲ, ಆರೋಗ್ಯದ ಮಾತೂ ಹೌದು. ಕೃಷಿ ಫೀಡರುಗಳಿಗೆ ಸೌರ ವಿದ್ಯುತ್ ಜೋಡಿಸಿದ ಕಡೆ ಹಗಲೇ ನೀರು ಹಾಯಿಸಲು ಸಾಧ್ಯವಾಗುತ್ತದೆ. ಗ್ರಾಮಸಭೆಯಲ್ಲಿ ಇದನ್ನು ಕೇಳಬಹುದು.

ಇನ್ನು ನರ್ಸ್‌ಗಳು, ಹನ್ನೆರಡು ಗಂಟೆ ಪಾಳಿಯ ಸೆಕ್ಯುರಿಟಿ ಗಾರ್ಡ್‌ಗಳು, ಹಗಲು ರಾತ್ರಿ ಬಲೆ ಎಳೆಯುವ ಆಳಸಮುದ್ರ ಬೋಟಿನ ಕೆಲಸಗಾರರು. ದೇಹದ ಗಡಿಯಾರವನ್ನು ಕೆಡಿಸುವ ರಾತ್ರಿ ಪಾಳಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ ‘ಬಹುಶಃ ಕ್ಯಾನ್ಸರಿಗೆ ಕಾರಣವಾಗಬಲ್ಲದು’ ಎಂಬ ಗುಂಪಿಗೆ ಸೇರಿಸಿತು, 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲಿಯೇ ಉಳಿಸಿತು. ರಾತ್ರಿ ಪಾಳಿ ಮಾಡಿದವರಿಗೆಲ್ಲ ಕ್ಯಾನ್ಸರ್ ಬರುತ್ತದೆ ಎಂದು ಇದರ ಅರ್ಥವಲ್ಲ. ಆದರೆ ರಾತ್ರಿ ದುಡಿದು ಬಂದವರು ಮಲಗಿರುವಾಗ ಟಿ.ವಿ. ಸದ್ದು ತಗ್ಗಿಸುವುದು, ಕಿಟಕಿಗೆ ದಪ್ಪ ಬಟ್ಟೆ ಕಟ್ಟುವುದು, ‘ಹಗಲೆಲ್ಲಾ ಬಿದ್ಕೊಂಡಿರ್ತಾನೆ’ ಎಂಬ ಮಾತು ಆಡದಿರುವುದು ನಮ್ಮ ಕೈಯಲ್ಲಿದೆ. ಸಂಘದ ಸಭೆಯನ್ನು ರಾತ್ರಿ ಒಂಬತ್ತಕ್ಕೆ ಇಡುವ ಬದಲು ಭಾನುವಾರ ಮಧ್ಯಾಹ್ನಕ್ಕೆ ಇಡುವುದೂ ಸಹ.

ಟೀ, ಎಣ್ಣೆ, ಮಾತ್ರೆ, ಗೊರಕೆ

ಕೆಫೀನಿನ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಆರರ ಸ್ಟ್ರಾಂಗ್ ಟೀ ರಾತ್ರಿ ಹನ್ನೊಂದಕ್ಕೂ ಅರ್ಧ ಉಳಿದಿರುತ್ತದೆ. ನಿದ್ದೆ ಬಾರದವರು ಮಧ್ಯಾಹ್ನದ ಮೇಲೆ ಟೀ ಕಾಫಿ ಬಿಟ್ಟು ಎರಡು ವಾರ ನೋಡಲಿ. ಬೀಡಿ, ಗುಟ್ಕಾದಲ್ಲಿರುವ ನಿಕೋಟಿನ್ ಕೂಡ ಎಚ್ಚರ ಇಡುವ ವಸ್ತು. ‘ಸ್ವಲ್ಪ ಹಾಕಿದರೆ ಒಳ್ಳೆ ನಿದ್ದೆ’ ಎನ್ನುವ ಗಂಡಸರು ಅರ್ಧ ಮಾತ್ರ ಸತ್ಯ ಹೇಳುತ್ತಿದ್ದಾರೆ. ಮದ್ಯ ಬೇಗ ಮಲಗಿಸುತ್ತದೆ ನಿಜ, ನಡುರಾತ್ರಿ ಅದೇ ಎಬ್ಬಿಸುತ್ತದೆ, ಕನಸಿನ ನಿದ್ದೆಯನ್ನು ಕಡಿಮೆ ಮಾಡುತ್ತದೆ. ಮೊಬೈಲ್ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾವು ಮತ್ತೆ ಹೇಳುವುದಿಲ್ಲ. ಮಲಗುವ ಕೋಣೆಯಿಂದ ಹೊರಗೆ ಚಾರ್ಜಿಗೆ ಹಾಕಿದರೆ ಸಾಕು.

ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ನಿದ್ದೆ ಮಾತ್ರೆ ಕೇಳಿ ತರುವ ಪದ್ಧತಿ ಅಪಾಯಕರ. ಆಲ್‌ಪ್ರಾಜೋಲಾಮ್‌ನಂಥ ಮಾತ್ರೆಗಳು ಕೆಲವೇ ವಾರಗಳಲ್ಲಿ ಚಟವಾಗಬಲ್ಲವು. ವಯಸ್ಸಾದವರು ರಾತ್ರಿ ಎದ್ದಾಗ ತಲೆ ಸುತ್ತಿ ಬಿದ್ದು ಸೊಂಟ ಮುರಿದುಕೊಳ್ಳುವುದಕ್ಕೂ ಅವು ಕಾರಣವಾಗುತ್ತವೆ. ಈಗಾಗಲೇ ತೆಗೆದುಕೊಳ್ಳುತ್ತಿರುವವರು ಒಮ್ಮೆಲೇ ನಿಲ್ಲಿಸಬಾರದು, ವೈದ್ಯರನ್ನು ಕೇಳಿ ನಿಧಾನವಾಗಿ ಇಳಿಸಬೇಕು. ದೀರ್ಘಕಾಲದ ನಿದ್ರಾಹೀನತೆಗೆ ತಜ್ಞರು ಮೊದಲು ಸೂಚಿಸುವುದು ಮಾತ್ರೆಯನ್ನಲ್ಲ, ಮಲಗುವ ಅಭ್ಯಾಸ ಮತ್ತು ಯೋಚನೆಯ ರೀತಿಯನ್ನು ತಿದ್ದುವ ಕೆಲವು ವಾರಗಳ ಆಪ್ತಸಮಾಲೋಚನೆಯನ್ನು. ಪ್ರತಿದಿನ ಒಂದೇ ಹೊತ್ತಿಗೆ ಏಳುವುದು, ನಿದ್ದೆ ಬಾರದಿದ್ದರೆ ಹಾಸಿಗೆಯಲ್ಲಿ ಹೊರಳಾಡದೆ ಎದ್ದು ಕೂತು ಕಣ್ಣು ಎಳೆದಾಗ ಮತ್ತೆ ಹೋಗಿ ಮಲಗುವುದು ಅದರ ಭಾಗಗಳು.

ಜೋರು ಗೊರಕೆ ಗಾಢ ನಿದ್ದೆಯ ಲಕ್ಷಣ ಎಂದು ಹಲವರು ತಿಳಿದಿದ್ದಾರೆ. ಗೊರಕೆ ಹೊಡೆಯುತ್ತಾ ಹೊಡೆಯುತ್ತಾ ಉಸಿರು ಕೆಲವು ಸೆಕೆಂಡು ನಿಂತು, ಆಮೇಲೆ ಏದುಸಿರಿನಿಂದ ಬೆಚ್ಚಿಬಿದ್ದಂತೆ ಮತ್ತೆ ಶುರುವಾಗುತ್ತಿದ್ದರೆ, ಅದು ಗಂಟಲಿನ ದಾರಿ ಮುಚ್ಚಿಹೋಗುವ ಕಾಯಿಲೆ ಇರಬಹುದು. ಮಲಗಿದವರಿಗೆ ಅದು ತಿಳಿಯುವುದಿಲ್ಲ, ಪಕ್ಕದಲ್ಲಿ ಮಲಗಿದವರೇ ಹೇಳಬೇಕು. ಅವರಿಗೆ ಹಗಲು ವಿಪರೀತ ತೂಕಡಿಕೆ, ಬೆಳಿಗ್ಗೆ ತಲೆನೋವು ಇದ್ದರೆ, ಬಿ.ಪಿ. ಹತೋಟಿಗೆ ಬರದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಈ ವಿಷಯ ಬಿಡಿಸಿ ಹೇಳಿ, ದೊಡ್ಡ ಆಸ್ಪತ್ರೆಗೆ ಬರೆಸಿಕೊಳ್ಳಿ. ಇದಕ್ಕೆ ಚಿಕಿತ್ಸೆ ಇದೆ. ವಾರಕ್ಕೆ ಮೂರು ದಿನಕ್ಕಿಂತ ಹೆಚ್ಚು, ಮೂರು ತಿಂಗಳಿಂದ ನಿದ್ದೆ ಬರುತ್ತಿಲ್ಲ ಎನ್ನುವವರೂ ವೈದ್ಯರನ್ನು ಕಾಣಬೇಕು. ನಿದ್ದೆಯ ಜೊತೆಗೆ ಬದುಕೇ ಬೇಡ ಎನಿಸುತ್ತಿದ್ದರೆ ಮೂರು ತಿಂಗಳು ಕಾಯುವುದು ಬೇಡ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.